ಬಿಟ್ಟರೆ ನಿಲ್ಲುವ ಗಾಡಿ

ಹೆದರಿಕೆ ಎಲ್ಲರಿಗೂ ಒಂದೇ ಜಾಗದಲ್ಲಿ ಆಗುವುದಿಲ್ಲ. ಕೆಲವರಿಗೆ ಬಾಯಿ ಒಣಗುತ್ತದೆ, ಕೆಲವರಿಗೆ ಹೊಟ್ಟೆ ಕಲಕುತ್ತದೆ, ನಮ್ಮ ಕಚೇರಿಯಲ್ಲಿ ಒಬ್ಬ ಮೇಲಧಿಕಾರಿಗೆ ಬಿಕ್ಕಳಿಕೆ ಬರುತ್ತದೆ. ನನಗೆ ಕೈ ಮುಷ್ಟಿಯಾಗುತ್ತದೆ. ಆ ಹೊತ್ತಿಗೆ ಕೈಗೆ ಏನು ಸಿಕ್ಕಿರುತ್ತದೋ ಅದು ಮುಷ್ಟಿಯೊಳಗೆ. ಬಿಡಿಸಲು ಇನ್ನೊಬ್ಬರು ಬೇಕು. ಮೆಟ್ರೋದಲ್ಲಿ ಜನ ನುಗ್ಗಿದ ಗಾಬರಿಗೆ ಕಂಬ ಹಿಡಿದವನು, ನಾನು ಇಳಿಯುವ ನಿಲ್ದಾಣ ಬಂದು ಹೋದರೂ ಹಿಡಿದೇ ನಿಂತು, ಮುಂದಿನ ನಿಲ್ದಾಣದಲ್ಲಿ ಇಳಿದು ವಾಪಸು ಬಂದಿದ್ದೇನೆ. ದಂತವೈದ್ಯರೊಬ್ಬರು ನನ್ನ ಹಲ್ಲು ಕೀಳುವ ಮೊದಲು ಬಹಳ ಮರ್ಯಾದೆಯಿಂದ, "ಸರ್, ನನ್ನ ಕೈ ಬಿಟ್ಟರೆ ಕೆಲಸ ಶುರು ಮಾಡಬಹುದು" ಎಂದಿದ್ದರು. ಅಷ್ಟೇಕೆ, ಮದುವೆಯ ದಿನ ನಾನು ಕೈ ಹಿಡಿದ ರೀತಿ ಕಂಡು ನನ್ನ ಹೆಂಡತಿ ವೀಣಾ 'ಅಬ್ಬಾ, ಎಷ್ಟು ಪ್ರೀತಿ' ಅಂದುಕೊಂಡಳಂತೆ. ಅದಕ್ಕೆ ಕಾರಣ ಪ್ರೀತಿಯಲ್ಲ, ಫೋಟೋದವನ ಫ್ಲ್ಯಾಶು ಎಂದು ಆಕೆಗೆ ತಿಳಿಯುವ ಹೊತ್ತಿಗೆ ನಾವು ಕೋಲ್ಕತ್ತದಲ್ಲಿ ಸಂಸಾರ ಹೂಡಿಯಾಗಿತ್ತು.

ಇಂಥ ಕೈಯವನ ಮನೆಗೆ ಬರಬಾರದಾಗಿದ್ದ ವಾಹನವೊಂದು ಬಂತು. ನಡೆಯಲಾರದವರು ಕೂತು ಓಡಿಸುವ ಬ್ಯಾಟರಿ ಸ್ಕೂಟರ್. ನಾಲ್ಕು ಪುಟ್ಟ ಗಾಲಿ, ಮೆತ್ತನೆಯ ಕುರ್ಚಿ, ಮುಂದೊಂದು ಬುಟ್ಟಿ. ನೋಡಿದರೆ ಯಾರೋ ಡ್ರಾಯಿಂಗ್ ರೂಮಿನ ಕುರ್ಚಿಗೆ ರಸ್ತೆಯ ಆಸೆ ಹುಟ್ಟಿಸಿ ಬಿಟ್ಟಂತಿತ್ತು. ಬಂದದ್ದು ನನಗಲ್ಲ, ನಮ್ಮ ಅತ್ತೆಗೆ. ವೀಣಾಳ ತಾಯಿ ಧಾರವಾಡದವರು. ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾಗಿ ಬಾಲಿಗಂಜಿನ ನಮ್ಮ ಫ್ಲ್ಯಾಟಿಗೆ ಬಂದವರು. ಈ ಊರಿನಲ್ಲಿ ಅವರಿಗಿರುವುದು ಒಬ್ಬರೇ ಗೆಳತಿ, ಮೂರು ಗಲ್ಲಿ ಆಚೆಗಿನ ಛಾಯಾದಿ, ಅಂದರೆ ಛಾಯಾ ಅಕ್ಕ. ತರಕಾರಿ ಅಂಗಡಿಯಲ್ಲಿ ಒಂದೇ ಹೀರೇಕಾಯಿಗೆ ಇಬ್ಬರೂ ಕೈ ಹಾಕಿದ ಜಗಳದಿಂದ ಶುರುವಾದ ಸ್ನೇಹ ಅದು. ಅತ್ತೆಯದು ಧಾರವಾಡ ಕನ್ನಡ, ಛಾಯಾದಿಯದು ಬಂಗಾಳಿ, ನಡುವೆ ಇಬ್ಬರೂ ಸೇರಿ ಕೈಕಾಲು ಮುರಿದ ಹಿಂದಿ. ಅದರಲ್ಲೇ ಸಂಜೆಗಟ್ಟಲೆ ಮಾತು.

ಅತ್ತೆಯ ಮಂಡಿ ಕೈಕೊಟ್ಟ ಮೇಲೆ ಅವರನ್ನು ಅಲ್ಲಿಗೆ ಕರೆದೊಯ್ಯುವ ಹೊಣೆ ನಾನೇ ಹೊತ್ತೆ. ರಿಕ್ಷಾದಲ್ಲಿ ಕೂರಿಸಿಕೊಂಡು ಹೋಗುವುದು, ಅವರ ಮಾತು ಮುಗಿಯುವವರೆಗೆ ಪಕ್ಕದಲ್ಲೇ ಕೂತಿರುವುದು, ಜೋಪಾನವಾಗಿ ವಾಪಸು ತರುವುದು. ನನ್ನಂಥ ಅಳಿಯ ಎಷ್ಟು ಜನಕ್ಕೆ ಸಿಕ್ಕಾನು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಬಂಗಾಳದಲ್ಲಿ ಅಳಿಯನೆಂದರೆ ಜಾಮಾಯಿ. ಜಾಮಾಯಿ ಮನೆಗೆ ಬಂದರೆ ಬರಿಬಾಯಲ್ಲಿ ಕಳಿಸುವ ಪದ್ಧತಿ ಇಲ್ಲ. ಯಾರ ಮನೆಯ ಜಾಮಾಯಿ ಎಂಬುದು ಮುಖ್ಯವೂ ಅಲ್ಲ. ಛಾಯಾದಿ ನನ್ನನ್ನು ಕಂಡೊಡನೆ ಬಾಣಲೆ ಇಡುತ್ತಿದ್ದರು. ಬಿಸಿ ಬಿಸಿ ಲೂಚಿ ಎಂಬ ಮೈದಾ ಪೂರಿ, ಆಲೂಗೆಡ್ಡೆಯ ಪಲ್ಯ, ಕೊನೆಗೆ ಸಂದೇಶ್ ಎಂಬ ಛೇನಾದ ಸಿಹಿ. ಬೇಡವೆಂದರೆ ಕಣ್ಣಲ್ಲಿ ನೀರು ತರುತ್ತಿದ್ದರು. ಅವರ ಮನಸ್ಸು ನೋಯಿಸಬಾರದೆಂದು ತಿಂದೆ. ಪ್ಯಾಂಟಿನ ಸೊಂಟ ಬಿಗಿಯಾದದ್ದನ್ನು ಕೂಡ ನಾನು ಅತ್ತೆಯ ಸೇವೆಯ ಲೆಕ್ಕಕ್ಕೇ ಸೇರಿಸಿದ್ದೆ.

ಒಂದು ಸಂಜೆ ರಿಕ್ಷಾ ತರಲು ಹೊರಟವನನ್ನು ಅತ್ತೆ ತಡೆದರು. "ಅಳಿಯಂದ್ರ, ಒಂದ್ ಮಾತ್ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನೀವ್ ಬಂದ್ರ ಛಾಯಾ ಅಡಿಗಿಮನಿ ಬಿಟ್ಟು ಹೊರಗ ಬರಂಗಿಲ್ಲ. ಜಾಮಾಯಿ ಬಂದಾನಂತ ಲೂಚಿ ಕರಕೋತ ನಿಂದರ್ತಾಳ. ನೀವ್ ತಿಂತೀರಿ, ನಾ ನಿಮ್ಮ ಮಾರಿ ನೋಡಕೋತ ಕೂಡ್ತೀನಿ. ನಿಮ್ಮ ಮಾರಿ ನೋಡಾಕ ಅಲ್ಲಿತನಾ ಯಾಕ ಹೋಗ್ಬೇಕ್ರಿ? ಮನ್ಯಾಗ ಐತಲ್ಲ."

"ಹಾಗಾದರೆ ನಾನು ಹೊರಗೇ ನಿಂತಿರುತ್ತೇನೆ ಅತ್ತೆ" ಎಂದೆ. "ಜಾಮಾಯಿನ್ನ ಬೀದ್ಯಾಗ ನಿಂದ್ರಸಿದ್ಲು ಅಂತ ಓಣಿ ಮಂದಿ ಆಕಿಗೆ ಬೈದಾರು" ಎಂದರು ಅತ್ತೆ. ಅಂದು ಅವರು ಹೋಗಲೇ ಇಲ್ಲ. ಮರುದಿನವೂ ಹೋಗಲಿಲ್ಲ. ಸಂಜೆ ಬಾಲ್ಕನಿಯಲ್ಲಿ ಕೂತು ಆ ಗಲ್ಲಿಯ ಕಡೆ ನೋಡುವುದು, ರಾತ್ರಿ ಅರ್ಧ ಊಟಕ್ಕೆ ಎದ್ದುಬಿಡುವುದು. ವೀಣಾ ಇದನ್ನು ನೋಡಿ, ನನಗೊಂದು ಮಾತೂ ಹೇಳದೆ ಈ ಗಾಡಿ ತರಿಸಿದಳು. ಒಂದು ವಾರ ಓಡಿಸಿ ನೋಡಿ, ಬೇಡವೆಂದರೆ ಹಿಂದಿರುಗಿಸಬಹುದಂತೆ.

ನಾನು ಗಾಡಿಯನ್ನು ನೋಡಿದ ಕೂಡಲೇ ಎತ್ತಬಹುದಾದ ಆಕ್ಷೇಪಣೆಗಳನ್ನೆಲ್ಲ ಎತ್ತಿದೆ. ಟ್ಯಾಕ್ಸಿಗಳು, ಫುಟ್‌ಪಾತಿನ ಅಂಚು, ಮಳೆ, ನಾಯಿ, ಬ್ಯಾಟರಿ ನಡುದಾರಿಯಲ್ಲಿ ಮುಗಿದರೆ? ವೀಣಾಗೆ ಸಾಕಾಯಿತು. "ಹಂಗಾರ ಮೊದಲ ನೀವ ಕಲೀರಿ, ಆಮ್ಯಾಲೆ ಅವ್ವಗ ಕಲಸ್ರಿ. ನೀವು ಹೂಂ ಅಂದ್ರ ಆಕಿ ಒಬ್ಬಾಕಿನ ಹೋಗ್ಲಿ. ಉಹೂಂ ಅಂದ್ರ ಗಾಡಿ ವಾಪಸ್" ಎಂದಳು. ಹೀಗೆ ಅತ್ತೆಯ ಸಂಜೆಗಳೆಲ್ಲ ನನ್ನ ಒಂದು ಹೂಂಕಾರಕ್ಕೆ ಜೋತುಬಿದ್ದವು. ನಾನೋ, ಅಂಗಡಿಯಲ್ಲಿ ಅಂಗಿಯ ಬಣ್ಣಕ್ಕೂ ಹೂಂ ಅನ್ನಲು ಅರ್ಧ ದಿನ ತೆಗೆದುಕೊಳ್ಳುವವನು.

ಗಾಡಿ ತಂದಿಟ್ಟವನು ಹಿಡಿಕೆಯ ಕೆಳಗಿನ ಎರಡು ಲಿವರ್ ತೋರಿಸಿದ. ಬಲಗಡೆಯದು ಒತ್ತಿದರೆ ಮುಂದೆ, ಎಡಗಡೆಯದು ಒತ್ತಿದರೆ ಹಿಂದೆ. "ಬ್ರೇಕ್ ಎಲ್ಲಿ?" ಎಂದೆ. "ಛೇಡೇ ದಿನ್ ದಾದಾ, ಥೇಮೇ ಜಾಬೇ" ಎಂದ. ಬಿಟ್ಟುಬಿಡಿ, ನಿಲ್ಲುತ್ತದೆ. "ಅದು ಸರಿಯಪ್ಪ, ನಿಲ್ಲಿಸಲು ಏನನ್ನು ಹಿಡಿಯಬೇಕು?" ಎಂದೆ. ಏನನ್ನೂ ಹಿಡಿಯಬಾರದು ಎಂದ. ನನಗೆ ತಲೆ ತಿರುಗಿತು. ಸೈಕಲ್ಲಿನಿಂದ ಹಿಡಿದು ನನ್ನ ಹಳೆಯ ಸ್ಕೂಟರಿನವರೆಗೆ ನಾನು ಓಡಿಸಿದ ಎಲ್ಲ ಗಾಡಿಗಳೂ ಕೈ ಬಿಗಿ ಹಿಡಿದರೆ ನಿಲ್ಲುತ್ತಿದ್ದವು. ಈ ಭೂಮಿಯ ಮೇಲೆ ನಾನು ಬದುಕಿ ಉಳಿದಿರುವುದೇ ಹಿಡಿತದಿಂದ. ಇಲ್ಲಿ ನೋಡಿದರೆ ಹಿಡಿದರೆ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಸಾಲದ್ದಕ್ಕೆ ವೇಗದ ಗುಂಡಿಯ ಒಂದು ಕಡೆ ಆಮೆಯ ಚಿತ್ರ, ಇನ್ನೊಂದು ಕಡೆ ಮೊಲದ ಚಿತ್ರ. ಹಿಂಬದಿಯಲ್ಲಿ ಇನ್ನೊಂದು ಹಳದಿ ಲಿವರ್. ಅದನ್ನು ಎಳೆದರೆ ಗಾಡಿಯನ್ನು ಕೈಯಿಂದ ತಳ್ಳಬಹುದು, ಆದರೆ ಆಗ ಬ್ರೇಕೇ ಇರುವುದಿಲ್ಲ, ಇಳಿಜಾರಿನಲ್ಲಿ ಮುಟ್ಟಲೇಬೇಡಿ ಎಂದ. ಮುಟ್ಟಬಾರದೆಂದ ಮೇಲೆ ಇಟ್ಟದ್ದೇಕೆ ಎಂಬ ಯೋಚನೆಯಲ್ಲಿ ಅವನು ಮುಂದೆ ಹೇಳಿದ್ದೊಂದೂ ಕಿವಿಗೆ ಬೀಳಲಿಲ್ಲ. ಕೀಲಿ ತೆಗೆದ ಮೇಲೆಯೇ ಹತ್ತಿ ಇಳಿಯಬೇಕು ಎಂಬುದೊಂದು ಮಾತ್ರ ಮನಸ್ಸಿಗೆ ನಾಟಿತು. ಅಂದಿನಿಂದ ಕೀಲಿಯನ್ನು ನಾನೇ ಇಟ್ಟುಕೊಂಡೆ.

ಕೆಳಗಿನ ಅಂಗಳದಲ್ಲಿ ಕಲಿಕೆ ಆರಂಭವಾಯಿತು. ಆಮೆಯ ಕಡೆಗೆ ಗುಂಡಿ ತಿರುಗಿಸಿ, ದೇವರನ್ನು ನೆನೆದು ಬಲಗಡೆ ಒತ್ತಿದೆ. ಗಾಡಿ ಸದ್ದಿಲ್ಲದೆ ಹೊರಟಿತು. ಎದುರಿಗೆ ಕಾವಲುಗಾರನ ಖಾಲಿ ಕುರ್ಚಿ. ಕುರ್ಚಿ ಕಂಡೊಡನೆ ನನಗೆ ಭಯ, ಭಯಕ್ಕೆ ಮುಷ್ಟಿ, ಮುಷ್ಟಿಗೆ ಗಾಡಿ ಇನ್ನಷ್ಟು ಉತ್ಸಾಹದಿಂದ ಮುಂದೆ. ಕುರ್ಚಿಯನ್ನು ಗೋಡೆಯವರೆಗೆ ತಳ್ಳಿಕೊಂಡು ಹೋಗಿ ಅಲ್ಲಿ ಒರಗಿಸಿದೆವು. ಹಿಂದಕ್ಕೆ ಬರಲು ಎಡಗಡೆ ಒತ್ತಿದರೆ ಗಾಡಿ ಪೀಂ ಪೀಂ ಎಂದು ಕಿರುಚತೊಡಗಿತು. ಆ ಗಾಬರಿಗೆ ಎರಡೂ ಕೈ ಬಿಗಿಯಿತು. ಎರಡೂ ಲಿವರ್ ಒಟ್ಟಿಗೆ ಒತ್ತಿದಾಗ ಗಾಡಿಗೆ ದಿಕ್ಕು ತೋಚದೆ ನಿಂತುಬಿಟ್ಟಿತು. ನನಗೆ ಜ್ಞಾನೋದಯವಾದಂತಾಯಿತು. ಅತ್ತೆಯನ್ನು ಕರೆದು, "ನಿಲ್ಲಿಸಬೇಕಾದಾಗ ಎರಡನ್ನೂ ಗಟ್ಟಿಯಾಗಿ ಒತ್ತಿ" ಎಂದು ಪಾಠ ಹೇಳಿದೆ. ಅತ್ತೆ ನನ್ನನ್ನು, ತಪ್ಪು ಉತ್ತರವನ್ನು ಧೈರ್ಯವಾಗಿ ಹೇಳುವ ವಿದ್ಯಾರ್ಥಿಯನ್ನು ನೋಡುವಂತೆ ನೋಡಿದರು. "ಎರಡೂ ಒತ್ತಿದ್ರ ನಿಂದರ್ತದ, ಒಂದೂ ಒತ್ತಲಿಲ್ಲಾಂದ್ರೂ ನಿಂದರ್ತದ. ಮತ್ತ ಒತ್ತೋ ಉಸಾಬರಿ ಯಾಕ್ರಿ?"

ಹೀಗೆಂದು ಕೂತವರು ಅಂಗಳವನ್ನು ಎರಡು ಸುತ್ತು ಹಾಕಿ, ಕುರ್ಚಿಯ ಮುಂದೆ ಬಂದು ಬೆರಳು ಸಡಿಲಿಸಿದರು. ನಿಂತಿತು. "ಬಿಟ್ಟೆ, ನಿಂತಿತು. ಮುಗೀತಲ್ಲ" ಎಂದರು. ಮುಗಿಯುವುದು ಹೇಗೆ? ಅಂಗಳವೇ ಬೇರೆ, ರಸ್ತೆಯೇ ಬೇರೆ. ನಾನು ಹೂಂ ಅನ್ನಲಿಲ್ಲ. ಗಾಡಿಗೆ ಕಿತ್ತಳೆ ಬಣ್ಣದ ಬಾವುಟ ಕಟ್ಟಿದೆ, ಕನ್ನಡಿ ಹಾಕಿಸಿದೆ, ಅತ್ತೆಯ ಕೊರಳಿಗೆ ಪೊಲೀಸರು ಊದುವಂಥ ವಿಷಲ್ ಒಂದನ್ನು ದಾರದಲ್ಲಿ ಪೋಣಿಸಿ ಹಾಕಿ, ಅಪಾಯ ಬಂದರೆ ಊದಿ ಎಂದೆ. "ತಾಳಿ ಕಟ್ಟುವಾಗೂ ನಿಮ್ಮ ಮಾವ ಇಷ್ಟ್ ಗಂಭೀರ ಇರಲಿಲ್ಲ ನೋಡ್ರಿ" ಎಂದರು ಅತ್ತೆ. ವಾರ ಮುಗಿಯಲು ಬಂದಿತ್ತು. ಭಾನುವಾರ ಸಂಜೆ ರಸ್ತೆಯ ಮೇಲೆ ಪರೀಕ್ಷೆ ಎಂದು ಘೋಷಿಸಿದೆ. ಪಕ್ಕದಲ್ಲಿ ನಾನು ನಡೆದು ಬರುವುದು ಎಂಬ ಷರತ್ತಿನ ಮೇಲೆ.

ಮೊದಲ ಗಲ್ಲಿ ಸುಖವಾಗಿ ಕಳೆಯಿತು. ಎರಡನೆಯದರ ತಿರುವಿನಲ್ಲಿ ಪ್ರತಿ ಸಂಜೆ ದೀಪದ ಕಂಬದ ಕೆಳಗೆ ಪಾಡಾದ ಹಿರಿಯರ ಕೇರಂ ನಡೆಯುತ್ತದೆ. ಪಾಡಾ ಅಂದರೆ ನಮ್ಮ ಕಡೆಯ ಓಣಿಯೇ. ಸಲಹೆ ಕೊಡುವವರು ಮಾತ್ರ ಹೆಚ್ಚು. ಅಲ್ಲೇ ರಸ್ತೆಯ ನಟ್ಟನಡುವೆ ಒಂದು ನಾಯಿ ಮಲಗಿತ್ತು. ಅತ್ತೆ ಅದನ್ನು ಕಂಡು, ಬೆರಳು ಸಡಿಲಿಸಿ, ಗಾಡಿ ನಿಲ್ಲಿಸಿ, ಕೈಯನ್ನು ಮಡಿಲಲ್ಲಿಟ್ಟುಕೊಂಡು, "ಏಳಪ್ಪಾ ಪುಣ್ಯಾತ್ಮ" ಎಂದರು. ಅಷ್ಟರಲ್ಲಿ ನಾನೂ ನಾಯಿಯನ್ನು ಕಂಡೆ. ಆಮೇಲೆ ನಡೆದದ್ದು ನನಗೆ ಈಗಲೂ ಸರಿಯಾಗಿ ಅರ್ಥವಾಗಿಲ್ಲ. ಅತ್ತೆಯನ್ನು ಕಾಪಾಡಲು ಗಾಡಿಯ ಹಿಡಿಕೆಯನ್ನು ಹಿಡಿದೆ ಎಂಬಷ್ಟು ನೆನಪಿದೆ. ಹಿಡಿದದ್ದು ಬಲಗಡೆ. ನಿಂತ ಗಾಡಿ ಹೊರಟಿತು. ಹೊರಟದ್ದಕ್ಕೆ ಇನ್ನೂ ಹೆದರಿ ಇನ್ನೂ ಗಟ್ಟಿಯಾಗಿ ಹಿಡಿದೆ. ನನ್ನ ಎಳೆತಕ್ಕೆ ಅದು ನಾಯಿಯನ್ನು ಬಿಟ್ಟು ದೀಪದ ಕಂಬದ ಕಡೆ ತಿರುಗಿತು. ಗಾಡಿಯ ಮೇಲೆ ಅತ್ತೆ, ಪಕ್ಕದಲ್ಲಿ ಓಡುತ್ತಾ ನಾನು.

"ಬಿಡ್ರಿ! ಅಯ್ಯ, ಬಿಡ್ರಿ ಅಂತೀನಿ!" ಅತ್ತೆ ಕೂಗಿದರು. "ಛೇಡೇ ದಿನ್, ದಾದಾ! ಛೇಡೇ ದಿನ್!" ಕೇರಂ ಆಡುತ್ತಿದ್ದವರು ಕೂಗಿದರು. "ಛೋಡಿಯೇ!" ಎಂದು ಮೇಲಿನ ಯಾವುದೋ ಕಿಟಕಿಯಿಂದ ಹಿಂದಿ ಕೇಳಿಸಿತು. ನನಗೆ ಬರುವ ಎಲ್ಲ ಭಾಷೆಗಳಲ್ಲೂ ಹೇಳಿದರು. ನನ್ನ ಬೆರಳುಗಳಿಗೆ ಯಾವುದೂ ಬರಲಿಲ್ಲ. ಗಾಡಿ ತಾಗಿ ಕೇರಂ ಬೋರ್ಡು ತಾನು ಕೂತಿದ್ದ ಡ್ರಮ್ಮಿನ ಮೇಲಿಂದ ಜಾರಿತು, ಕಾಯಿಗಳು ಚರಂಡಿಯವರೆಗೆ ಉರುಳಿದವು, ಬೋರ್ಡಿನ ಪುಡಿ ಮೋಡದಂತೆದ್ದು ನನ್ನ ಮತ್ತು ಅತ್ತೆಯ ತಲೆಯ ಮೇಲೆ ಇಳಿಯಿತು. ಅತ್ತೆಯೇ ಕೈ ಚಾಚಿ ಕೀಲಿ ತಿರುಗಿಸಿದರು. ನಿಂತೆವು. ನಾಯಿ ತಲೆಯೆತ್ತಿ ನೋಡಿ ಮತ್ತೆ ಮಲಗಿತು.

ಯಾರಿಗೂ ಪೆಟ್ಟಾಗಿರಲಿಲ್ಲ. ಆ ಆಟದಲ್ಲಿ ಸೋಲುತ್ತಿದ್ದ ಬಾಪ್ಪಾದಾ ಎಂಬವರಂತೂ ನನ್ನ ಭುಜ ತಟ್ಟಿ ಚಹಾ ತರಿಸಿದರು. ಗೆಲ್ಲುತ್ತಿದ್ದವರು ತನಿಖೆ ಆರಂಭಿಸಿದರು. ಗಾಡಿ ಯಾರು ಓಡಿಸುತ್ತಿದ್ದರು, ಕೈ ಯಾರದ್ದು, ಅಷ್ಟು ದೊಡ್ಡ ನಾಯಿಯನ್ನು ತಪ್ಪಿಸಿದ ಗಾಡಿ ಅಷ್ಟು ಚಿಕ್ಕ ಬೋರ್ಡಿಗೆ ಹೇಗೆ ತಾಗಿತು ಎಂದೆಲ್ಲ ಎರಡು ಸುತ್ತು ಚಹಾದಷ್ಟು ಚರ್ಚೆಯಾಯಿತು. ನಾನು ಪುಡಿ ಮೆತ್ತಿದ ತಲೆಯಲ್ಲೇ ಚಹಾ ಹೀರಿದೆ. ಕೊನೆಗೆ ಬಾಪ್ಪಾದಾ ತೀರ್ಪು ಕೊಟ್ಟರು: "ಮಾಶಿಮಾ ಏಕಾ ಜಾಬೇನ್. ಜಾಮಾಯಿಬಾಬು ಬಾಡಿತೇ ಥಾಕಬೇನ್." ಅಂದರೆ ಅತ್ತೆ ಒಬ್ಬರೇ ಹೋಗಲಿ, ಅಳಿಯದೇವರು ಮನೆಯಲ್ಲಿರಲಿ. ಇನ್ನು ಮೇಲೆ ಈ ತಿರುವನ್ನು ತಾವೇ ನೋಡಿಕೊಳ್ಳುವುದಾಗಿಯೂ ಹೇಳಿದರು. ನೋಡಿಕೊಳ್ಳುವುದು ಅತ್ತೆಯನ್ನೋ ಬೋರ್ಡನ್ನೋ ಎಂದು ನಾನು ಕೇಳಲಿಲ್ಲ.

ಮನೆಯಲ್ಲಿ ವೀಣಾ ನಮ್ಮಿಬ್ಬರ ಬಿಳಿ ತಲೆಗಳನ್ನು ನೋಡಿ, "ಮತ್ತ? ಹೂಂ ಏನು, ಉಹೂಂ ಏನು?" ಎಂದಳು. ಅತ್ತೆ ಸೆರಗಿನಿಂದ ಕೂದಲು ಒರೆಸಿಕೊಳ್ಳುತ್ತಾ ನನ್ನ ಮುಖವನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ಮುಖ್ಯೋಪಾಧ್ಯಾಯಿನಿ ಇರಲಿಲ್ಲ; ಫಲಿತಾಂಶದ ಬೋರ್ಡಿನ ಮುಂದೆ ನಿಂತ ಹುಡುಗಿ ಇದ್ದಳು. ನಾನು ಹೂಂ ಅಂದೆನೋ ಪುಡಿಗೆ ಕೆಮ್ಮಿದೆನೋ ನನಗೇ ಸ್ಪಷ್ಟವಿಲ್ಲ. ವೀಣಾ ಅದನ್ನು ಹೂಂ ಎಂದೇ ತೆಗೆದುಕೊಂಡಳು. ಅತ್ತೆ ಆ ರಾತ್ರಿ ಇನ್ನೊಂದು ರೊಟ್ಟಿ ಹಾಕಿಸಿಕೊಂಡರು.

ಮರುದಿನ ಅತ್ತೆ ಮೊದಲ ಸಲ ಒಬ್ಬರೇ ಹೋಗುವ ದಿನ. ನಾನು ರಜೆ ಹಾಕಿದೆ. ಸಂಜೆ ಅವರು ಲಿಫ್ಟಿನಲ್ಲಿ ಕೆಳಗಿಳಿದರು. ಛಾಯಾದಿಗೆಂದು ಮಾಡಿದ ಉಪ್ಪಿನಕಾಯಿ ಬುಟ್ಟಿಯಲ್ಲಿತ್ತು, ಬಾವುಟ ಗಾಳಿಗೆ ಆಡುತ್ತಿತ್ತು. ನಾನು ಎರಡನೇ ಮಹಡಿಯ ಬಾಲ್ಕನಿಯಲ್ಲಿ ನಿಂತು ನೋಡಿದೆ. ಅತ್ತೆ ಗಾಡಿಯ ಮೇಲೆ ಕೂತರು. ಹೊರಡಲಿಲ್ಲ. ಅತ್ತ ನೋಡಿದರು, ಇತ್ತ ನೋಡಿದರು, ಹಿಡಿಕೆಯ ಮೇಲೆ ಬಗ್ಗಿ ಏನನ್ನೋ ಪರೀಕ್ಷಿಸಿದರು. "ನೋಡಿದೆಯಾ, ನನ್ನ ಪಾಠ! ಎಷ್ಟು ಎಚ್ಚರಿಕೆ!" ಎಂದು ವೀಣಾಗೆ ಹೇಳಿದೆ. ವೀಣಾ ನನ್ನ ಬಲಗೈಯನ್ನು ನೋಡಿದಳು. ಆಗಲೇ ಕೆಳಗಿನಿಂದ ಅತ್ತೆಯ ದನಿ ಬಂತು, "ಅಳಿಯಂದ್ರ! ಕೀಲಿ ಕೊಡ್ರಿ!"

ಕೀಲಿ ನನ್ನ ಮುಷ್ಟಿಯಲ್ಲಿತ್ತು. ಬೆಳಗಿನಿಂದಲೂ ಇತ್ತೇನೋ. ವೀಣಾ ಒಂದೊಂದೇ ಬೆರಳು ಬಿಡಿಸಿ ಅದನ್ನು ತೆಗೆದು, ತರಕಾರಿಯವನಿಗೆ ಇಳಿಬಿಡುವ ಹಗ್ಗದ ಚೀಲಕ್ಕೆ ಹಾಕಿ, ಹಗ್ಗವನ್ನು ನನ್ನ ಕೈಗೆ ಕೊಟ್ಟು, "ಇದನ್ನಾರ ಸಾವಕಾಶ ಬಿಡ್ರಿ" ಎಂದಳು. ಬಿಟ್ಟೆ. ಚೀಲ ಕೆಳಗೆ ಮುಟ್ಟಿತು. ಅತ್ತೆ ಕೀಲಿ ತೆಗೆದುಕೊಂಡು, ಚೀಲವನ್ನು ಒಮ್ಮೆ ಅಲ್ಲಾಡಿಸಿ, ಎಳೆದುಕೊಳ್ಳಿ ಎಂದು ಕೈಸನ್ನೆ ಮಾಡಿದರು. ಎಳೆದುಕೊಂಡೆ. ಖಾಲಿ ಇರಬೇಕಾಗಿದ್ದ ಚೀಲದಲ್ಲಿ ದಾರ ಸಮೇತ ವಿಷಲ್ ಇತ್ತು.

"ಅಂಜಿಕಿ ಬಂದ್ರ ಊದ್ರಿ, ಅಳಿಯಂದ್ರ!" ಅತ್ತೆ ತಲೆಯೆತ್ತಿ ಕೂಗಿದರು. "ಬಂದು ಬಿಡಸ್ತೀನಿ!"

ಗಾಡಿ ಸದ್ದಿಲ್ಲದೆ ಗೇಟು ದಾಟಿತು. ಕಿತ್ತಳೆ ಬಾವುಟ ಮೊದಲ ಗಲ್ಲಿಯ ತಿರುವಿನಲ್ಲಿ ಮರೆಯಾಯಿತು. ಆಗ ಊದಬೇಕು ಅನ್ನಿಸಿದ್ದು ನಿಜ. ಊದಲಿಲ್ಲ. ವಿಷಲ್ ಮುಷ್ಟಿಯೊಳಗಿತ್ತು, ವೀಣಾ ಒಳಗೆ ಹೋಗಿದ್ದಳು, ಬಿಡಿಸಿಕೊಡುತ್ತೇನೆಂದವರು ಛಾಯಾದಿಯ ಮನೆಯ ದಾರಿಯಲ್ಲಿದ್ದರು.