ಬೀಗರು ಕರುಳು ತೊಳೆದದ್ದು

ನಮ್ಮ ಬೀಗರಷ್ಟು ಸ್ವಚ್ಛ ಮನುಷ್ಯರು ಇಡೀ ಆಸ್ಟ್ರೇಲಿಯಾದಲ್ಲಿ ಇನ್ನೊಬ್ಬರು ಇರಲಿಕ್ಕಿಲ್ಲ! ನಾವೆಲ್ಲ ಮೈ ತೊಳೆದುಕೊಂಡು ಸುಮ್ಮನಾಗುತ್ತೇವೆ. ಅವರು ಕರುಳನ್ನೂ ತೊಳೆಯುವವರು. ಸಾಬೂನಿನಿಂದಲ್ಲ, ಮಾತ್ರೆಯಿಂದ.

ಬೀಗರೆಂದರೆ ನನ್ನ ಅಳಿಯನ ತಂದೆ. ಉಡುಪಿ ಕಡೆಯವರು. ಆರು ತಿಂಗಳಿಗೆಂದು ಬಂದು ಮೆಲ್ಬರ್ನಿನ ಪಾಯಿಂಟ್ ಕುಕ್‌ನಲ್ಲಿ ಹಿರಿಯ ಮಗನ ಮನೆಯಲ್ಲಿದ್ದರು. ನಾನು ಧಾರವಾಡದವಳು, ಮಗಳ ಬಾಣಂತನಕ್ಕೆ ಸಿಡ್ನಿಯ ಟೂಂಗಾಬಿಗೆ ಬಂದಿದ್ದೆ. ನನ್ನ ಸೂಟ್‌ಕೇಸಿನಲ್ಲಿ ಅಂಟಿನುಂಡೆ. ಅವರದರಲ್ಲಿ ಆ್ಯಂಟಿಬಯಾಟಿಕ್ ಮಾತ್ರೆಯ ಪಟ್ಟಿಗಳು! ಊರಿನ ಮೆಡಿಕಲ್ ಶಾಪಿನಲ್ಲಿ ಚೀಟಿ ಕೇಳದೆ ಕೊಟ್ಟವು. ಹೊಟ್ಟೆ ಗುಡುಗುಡು ಅಂದರೆ ಒಂದು, ಅನ್ನದಿದ್ದರೆ ಯಾಕೆ ಅನ್ನಲಿಲ್ಲ ಎಂದು ಇನ್ನೊಂದು.

ಮಗಳ ಸೀಮಂತಕ್ಕೆ ಸಿಡ್ನಿಗೆ ಬಂದ ಬೀಗರು ನನ್ನ ಎಣ್ಣೆಗಾಯಿ ಮುಟ್ಟುವ ಮೊದಲೇ ಮಾತ್ರೆ ನುಂಗಿದರು. ನಾನು ಬಿಡುತ್ತೇನೆಯೇ?

"ಯಾಕ್ರೀ ಬೀಗರ, ನಮ್ಮ ಅಡಿಗಿ ಉಣ್ಣಾಕ ಲಸಿಕಿ ಹಾಕಿಸ್ಕೋಬೇಕೇನ್ರೀ?"

"ನಿಮಗೆ ಗೊತ್ತಾಗುದಿಲ್ಲ ಮಾರಾಯ್ರೆ. ಹೊಟ್ಟೆಯೊಳಗೆ ಕೋಟಿಗಟ್ಟಲೆ ಕ್ರಿಮಿ ಉಂಟು."

ಮೊಮ್ಮಗಳು ಹುಟ್ಟಿದಳು. ನಾನು ಊರಿಗೆಲ್ಲ ಫೋನ್ ಮಾಡಿ ಎರಡು ಕಾಲಿಂಗ್ ಕಾರ್ಡ್ ಖಾಲಿ ಮಾಡಿದೆ. ಬೀಗರು ಮಾತ್ರೆಯ ಪಟ್ಟಿ ಖಾಲಿ ಮಾಡಿದರು. ಕೂಸನ್ನು ಎತ್ತಿಕೊಳ್ಳುವಾಗ ಒಂದು ಕ್ರಿಮಿಯೂ ಇರಬಾರದೆಂದು ಹತ್ತು ದಿನ ನುಂಗಿ ವಿಮಾನ ಹತ್ತಿದರು. ಸಿಡ್ನಿಯ ಮನೆಗೆ ಬಂದವರು ತೊಟ್ಟಿಲ ಕಡೆ ತಿರುಗಲೂ ಆಗದೆ ನೇರ ಪಾಯಖಾನೆಗೆ ಹೋದರು. ಎರಡು ದಿನ ಅಲ್ಲೇ ಸಂಸಾರ. ಮೂರನೆಯ ದಿನ ಜ್ವರ ಏರಿ ಆಸ್ಪತ್ರೆ ಸೇರಿದರು.

ಡಾಕ್ಟರು ಹೇಳಿದ್ದನ್ನು ಅಳಿಯ ಬಿಡಿಸಿ ಹೇಳಿದ. ಹೊಟ್ಟೆಯಲ್ಲಿ ಒಳ್ಳೆಯ ಕ್ರಿಮಿಗಳೂ ಇರುತ್ತವಂತೆ. ಕೆಟ್ಟವನ್ನು ಹದ್ದುಬಸ್ತಿನಲ್ಲಿ ಇಡುವುದು ಅವೇ ಅಂತೆ. ಮಾತ್ರೆ ತಿಂದು ತಿಂದು ಅವು ಸತ್ತಿವೆ. ಮಾತ್ರೆಗೆ ಜಗ್ಗದ ಒಂದು ದುಷ್ಟ ಜಾತಿ ಖಾಲಿ ಜಾಗದಲ್ಲಿ ಮನೆ ಮಾಡಿದೆ. ನಾನು ಕಲಿತದ್ದು ನಾಲ್ಕನೇ ಇಯತ್ತೆ, ಆದರೂ ತಿಳಿಯಿತು. ಹೆಪ್ಪನ್ನೇ ಕೊಂದರೆ ಹಾಲು ಮೊಸರಾದೀತೇ? ಕೆಟ್ಟು ನಾರುತ್ತದೆ, ಅಷ್ಟೆ.

ಇನ್ನೊಂದು ಮಾತೂ ಹೇಳಿದ. ಇದು ಅಂಟುವ ಭೇದಿ. ಪೂರ್ತಿ ನಿಲ್ಲುವ ತನಕ ಕೂಸನ್ನು ಮುಟ್ಟುವಂತಿಲ್ಲ. ಬೀಗರು ಊರಿಗೆ ಮರಳುವ ಟಿಕೆಟ್ಟಿಗೆ ಉಳಿದದ್ದು ಹನ್ನೆರಡೇ ದಿನ! ನನಗೆ ನಗು ಬರಬೇಕಿತ್ತು, ಬರಲಿಲ್ಲ.

ಹಳೆಯ ಮಾತ್ರೆ ಬಿಡಿಸಿ ಬೇರೆ ಔಷಧ ಕೊಟ್ಟು ಮನೆಗೆ ಕಳಿಸಿದರು. ಅವರಿಗೇ ಬೇರೆ ಕೋಣೆ, ಬೇರೆ ಪಾಯಖಾನೆ. ಹಿತ್ತಲ ಗಾಜಿನ ಬಾಗಿಲಿನ ಆಚೆ ಕುರ್ಚಿ ಹಾಕಿಕೊಂಡು ಕೂಡುವರು. ನಾನು ಈಚೆಯಿಂದ ಕೂಸನ್ನು ಎತ್ತಿ ತೋರಿಸುವೆ.

"ಕಣ್ಣು ಯಾರ ಹಾಗೆ ಉಂಟು?" ಎಂದು ಗಾಜಿನಾಚೆಯಿಂದ ಕೇಳಿದರು.

"ನೀವಽ ನೋಡಿ ಹೇಳೀರಂತ, ಬೇಗ ಆರಾಮಾಗ್ರಿ" ಅಂದೆ.

ಹೊರಡುವ ಹಿಂದಿನ ದಿನ ಡಾಕ್ಟರು ಒಪ್ಪಿದರು. ಬೀಗರು ಮೊಣಕೈವರೆಗೆ ಸಾಬೂನು ಹಚ್ಚಿ ತೊಳೆದುಕೊಂಡು ಬಂದು ಕೂತರು. ನಾನು ಕೂಸನ್ನು ತೊಡೆಯ ಮೇಲೆ ಇಟ್ಟೆ. ನ್ಯಾಪಿ ಬೇಡವೆಂದು ಹಳೆಯ ಸೀರೆಯ ಬಟ್ಟೆ ಸುತ್ತಿದ್ದೆ, ನೋಡಿ. ಮಹಾರಾಯಿತಿ ತೊಡೆಯೇರಿದ ಕ್ಷಣವೇ ಅಜ್ಜನ ಬಿಳಿ ಪಂಚೆಯನ್ನೆಲ್ಲ ಒದ್ದೆ ಮಾಡಿ, ಕಣ್ಣು ಮುಚ್ಚಿದಳು. ಎತ್ತಿಕೊಳ್ಳಲು ನಾನು ಕೈ ಚಾಚಿದೆ.

"ಇರಲಿ," ಅಂದರು ಮೆಲ್ಲಗೆ. "ಈಗಷ್ಟೇ ಮಲಗಿದ್ದಾಳೆ."

ಒದ್ದೆ ಪಂಚೆಯಲ್ಲೇ, ಕಾಲು ಸಹ ಅಲುಗಿಸದೆ, ಒಂದು ತಾಸು ಕೂತಿದ್ದರು.