ಮೈಸೂರು ಮಸಿಯ ಮರ್ಯಾದೆ

ಮಾನ್ಯ ಓದುಗ ಮಹಾಶಯರ ಸನ್ನಿಧಿಗೆ, ಮದರಾಸಿನ ಟಿ. ನಗರದ ನಿವಾಸಿಯೂ, ಸರ್ಕಾರಿ ಕಚೇರಿಯೊಂದರ ಗುಮಾಸ್ತನೂ ಆದ ನಾನು ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಕೆಲವು ವರ್ಷಗಳ ಹಿಂದಿನ ಸಾರ್ವತ್ರಿಕ ಚುನಾವಣೆಯಲ್ಲಿ ನಾನು ಎರಡು ಬಾರಿ ಮತ ಹಾಕಿದೆನೆಂದು ನಮ್ಮ ಬೀದಿಯಲ್ಲಿ ಹಬ್ಬಿರುವ ಸುದ್ದಿ ಸಂಪೂರ್ಣ ಸುಳ್ಳು. ನಾನು ಒಂದು ಬಾರಿಯೂ ಹಾಕಲಿಲ್ಲ!

ಕಚೇರಿಯ ಪತ್ರಗಳನ್ನು ಬಿಟ್ಟು ಬೇರೇನನ್ನೂ ನಾನು ಈವರೆಗೆ ಬರೆದವನಲ್ಲ. ಲೋಪದೋಷಗಳಿದ್ದಲ್ಲಿ ಮನ್ನಿಸಬೇಕೆಂದು ಮುಂಚಿತವಾಗಿಯೇ ಪ್ರಾರ್ಥಿಸಿ, ಪ್ರಕರಣದ ಪೂರ್ವಾಪರಗಳನ್ನು ನಿವೇದಿಸುತ್ತೇನೆ.

ನಮ್ಮ ಬೀದಿಯ ತಿರುವಿನಲ್ಲಿ ಉಡುಪಿಯ ಕಡೆಯಿಂದ ಬಂದ ಭಟ್ಟರ ಹೋಟೆಲಿದೆ. ಅದರ ಕಿಟಕಿಯ ಪಕ್ಕದ ಮೇಜಿನಿಂದ ನಾನು ಪ್ರತಿದಿನ ಬೆಳಿಗ್ಗೆ ಆರೂವರೆಯಿಂದ ಏಳೂಕಾಲರವರೆಗೆ ದೇಶದ ಆಡಳಿತವನ್ನು ನಡೆಸುತ್ತಿದ್ದೆ. ಕಾರ್ಪೊರೇಷನ್ ಕೊಳಾಯಿಯಿಂದ ಹಿಡಿದು ವಿಶ್ವಸಂಸ್ಥೆಯವರೆಗೆ ನನ್ನ ಅಭಿಪ್ರಾಯಕ್ಕೆ ಒಳಪಡದ ಇಲಾಖೆಯೇ ಇರಲಿಲ್ಲ. ಚುನಾವಣೆ ಘೋಷಣೆಯಾದ ಮೇಲಂತೂ ಮಂತ್ರಿಮಂಡಲದ ರಚನೆಯನ್ನೂ ಅಲ್ಲಿಯೇ ಮುಗಿಸಿಬಿಟ್ಟಿದ್ದೆ.

ಒಂದು ದಿನ ಭಟ್ಟರು ಕಾಫಿಯನ್ನು ಮೇಜಿನ ಮೇಲೆ ಸ್ವಲ್ಪ ಜೋರಾಗಿಯೇ ಇಟ್ಟರು.

"ಎಂತ ಮೂರ್ತಿಗಳೇ, ಇಷ್ಟೆಲ್ಲ ಹೇಳ್ತೀರಿ. ಹೋದ ಸಲ ಓಟು ಹಾಕಿದ್ದೀರಾ?"

ಹೋದ ಸಲ ಮೈಸೂರಿನಲ್ಲಿ ನಾದಿನಿಯ ಮದುವೆಯಿತ್ತು. ಅದಕ್ಕೂ ಹಿಂದಿನ ಸಲ ಸಾಲು ಉದ್ದವಿತ್ತು. ಊಟ ಮಾಡಿ ಬರೋಣವೆಂದು ಮನೆಗೆ ಹೋದೆ. ಊಟದ ನಂತರ ನಿದ್ರೆ ಬಂತು. ನಿದ್ರೆಯ ನಂತರ ಮತಗಟ್ಟೆ ಮುಚ್ಚಿತ್ತು. ಈ ಸಂಗತಿಗಳನ್ನು ನಾನು ಸವಿವರವಾಗಿ ತಿಳಿಸಿದೆ.

"ಹಾಗಾದ್ರೆ ಕೇಳಿ ಮಾರಾಯ್ರೆ. ಈ ಸಲ ಓಟು ಹಾಕದವರಿಗೆ ಈ ಮೇಜಿಲ್ಲ. ಒಳಗೆ ರುಬ್ಬುವ ಕಲ್ಲಿನ ಹತ್ತಿರ ಕೂತು ಕಾಫಿ ಕುಡೀಲಿಕ್ಕುಂಟು. ಅಭಿಪ್ರಾಯ ಹೇಳ್ಲಿಕ್ಕಿಲ್ಲ!"

ಇಡೀ ಹೋಟೆಲು ನಕ್ಕಿತು. ರುಬ್ಬುವ ಕಲ್ಲಿನ ಸದ್ದಿನಲ್ಲಿ ಮನುಷ್ಯನ ಅಭಿಪ್ರಾಯ ಮನುಷ್ಯನಿಗೇ ಕೇಳಿಸದು. ನಾನು ಎದ್ದು ನಿಂತು ಘೋಷಿಸಿದೆ: "ಈ ಸಲ ನಮ್ಮ ಮತಗಟ್ಟೆಯ ಮೊದಲನೆಯ ಮತ ನನ್ನದು!"

ಮತದಾನದ ಹಿಂದಿನ ದಿನ ಮಧ್ಯಾಹ್ನ, ಪೂರ್ವಭಾವಿ ಪರಿಶೀಲನೆಗೆಂದು ಬೀದಿಯ ಕೊನೆಯ ಶಾಲೆಗೆ ಹೋದೆ. ಅದೇ ನಮ್ಮ ಮತಗಟ್ಟೆ. ಅಲ್ಲಿ ಮತದಾರರ ಬೆರಳಿಗೆ ಮಸಿ ಹಚ್ಚುವ ಜವಾಬ್ದಾರಿ ನಮ್ಮ ಪಕ್ಕದ ಮನೆಯ ವರದರಾಜನ್ ಅವರಿಗೆ ಬಿದ್ದಿತ್ತು. ಅವರು ಶಾಲಾ ಉಪಾಧ್ಯಾಯರು. ಊರು ತಂಜಾವೂರು, ಕನ್ನಡ ಕಲಿತದ್ದು ನಮ್ಮ ಅಡಿಗೆಮನೆಯ ಕಿಟಕಿಯಿಂದ. ಮುಖ್ಯಾಧಿಕಾರಿಗಳು ತಿಂಡಿಗೆ ಹೋಗಿದ್ದರು. ವರದರಾಜನ್ ಒಬ್ಬರೇ ಸಾಮಾನು ಜೋಡಿಸುತ್ತಿದ್ದರು.

ಮೇಜಿನ ಮೇಲೊಂದು ಪುಟ್ಟ ಸೀಸೆ.

"ಇದು ಯಾವ ಮಸಿ ಗೊತ್ತೇ?" ಎಂದೆ, ಎದೆಯುಬ್ಬಿಸಿ. "ನಮ್ಮ ಮೈಸೂರಿನದು! ತಿಂಗಳಾದರೂ ಅಳಿಯದು!"

"ಎಲ್ಲಾ ಚುಮ್ಮಾ, ಬರೀ ಮಾತು, ಮೂರ್ತಿ ಸಾರ್," ಎಂದರು ವರದರಾಜನ್. "ನಿಮ್ಮ ಮೈಸೂರು ಸೋಪು ಸರಿ, ಊದುಬತ್ತಿ ಸರಿ. ಈ ಮಸಿ ಮಾತ್ರ ಒಂದು ನಿಂಬೆಹಣ್ಣು ಕಂಡ್ರೆ ಓಡಿಹೋಗುತ್ತೆ."

"ಓಡುವುದಿಲ್ಲ!"

"ಓಡುತ್ತೆ. ಪಂದ್ಯ? ಒಂದು ಪೊಟ್ಟಣ ಮೈಸೂರು ಪಾಕು!"

ಮಹಾಶಯರೇ, ನಾನು ಮೈಸೂರು ಬಿಟ್ಟು ಇಪ್ಪತ್ತು ವರ್ಷಗಳಾಗಿದ್ದವು. ಆದರೂ ಇಡೀ ಊರಿನ ಮರ್ಯಾದೆ ಆ ಸೀಸೆಯೊಳಗೆ ಕುಳಿತು ನನ್ನನ್ನೇ ನೋಡುತ್ತಿರುವಂತೆ ಭಾಸವಾಯಿತು. "ಹಚ್ಚಿ!" ಎಂದು ಬೆರಳು ಚಾಚಿದೆ. ನನಗೆ ಎರಡು ಕೈಗಳಿವೆ, ಹತ್ತು ಬೆರಳುಗಳಿವೆ. ಆದರೆ ಎಡಗೈ ತೋರುಬೆರಳಿಗೇ ಹಚ್ಚತಕ್ಕದ್ದೆಂದು ನಿಯಮವಿತ್ತು. ನಾನು ನಿಯಮಬದ್ಧವಾಗಿ ಎಡಗೈ ತೋರುಬೆರಳನ್ನೇ ಕೊಟ್ಟೆ!

ಮನೆಗೆ ಬಂದು ಹೆಂಡತಿ ಸರೋಜಳಿಗೆ ಹೆಮ್ಮೆಯಿಂದ ತೋರಿಸಿದೆ. ಅವಳು ಹೂವು ಕಟ್ಟುವುದನ್ನು ನಿಲ್ಲಿಸಿ ಬೆರಳನ್ನು ನೋಡಿದಳು. ನನ್ನ ಮುಖವನ್ನು ನೋಡಿದಳು. ಮತ್ತೆ ಬೆರಳನ್ನು ನೋಡಿದಳು.

"ಅಲ್ಲಾಂದ್ರೆ, ನಾಳೆ ಓಟು ಹೇಗೆ ಹಾಕ್ತೀರಿ?"

ಆ ಅಂಶವು ಅಲ್ಲಿಯವರೆಗೆ ನನ್ನ ಗಮನಕ್ಕೆ ಬಂದಿರಲಿಲ್ಲ.

"ಪರೀಕ್ಷೆ ಮಾಡ್ಲೇಬೇಕೂಂತಿದ್ರೆ ಬಲಗೈ ಇರ್ಲಿಲ್ವೇ? ಕಾಲ್ಬೆರಳು ಇರ್ಲಿಲ್ವೇ? ಆ ವರದರಾಜನ್ ಮೂಗು ಇರ್ಲಿಲ್ವೇ?"

ಸಂಜೆಯೆಲ್ಲ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಬಳಿ ಕಾರ್ಯಾಚರಣೆ ನಡೆಯಿತು. ನಿಂಬೆಹಣ್ಣು ಸೋತಿತು. ಹುಣಿಸೆಹಣ್ಣು ಸೋತಿತು. ಸೀಮೆಎಣ್ಣೆ ಹಾಕಿದಾಗ ಬೆರಳಿನ ಬಣ್ಣ ಹೋಯಿತೇ ಹೊರತು ಮಸಿಯ ಬಣ್ಣ ಹೋಗಲಿಲ್ಲ. ಕೊನೆಗೆ ಹಿಮ್ಮಡಿ ಉಜ್ಜುವ ಕಲ್ಲನ್ನು ತಂದ ಸರೋಜ ನನ್ನ ಬೆರಳನ್ನು ಹಿತ್ತಾಳೆ ಚೊಂಬಿನಂತೆ ತಿಕ್ಕಿದಳು. ಗುರುತು ಇನ್ನಷ್ಟು ಹೊಳೆಯಿತು!

"ನೋಡಿದೆಯಾ ನಮ್ಮ ಮೈಸೂರು!" ಎಂದೆ, ಕಣ್ಣಲ್ಲಿ ನೀರು ತುಂಬಿಕೊಂಡು.

"ಜಯಕಾರ ಆಮೇಲೆ ಹಾಕಿ. ಕೈ ಆಡಿಸ್ಬೇಡಿ."

ಪಂದ್ಯವನ್ನು ಗೆದ್ದಿದ್ದೆ. ಮತವನ್ನು ಸೋಲುವ ಸ್ಥಿತಿಯಲ್ಲಿದ್ದೆ.

ಮರುದಿನ ಬೆಳಿಗ್ಗೆ ಬೆರಳಿಗೆ ಅರಿಶಿನದ ಬಟ್ಟೆ ಸುತ್ತಿಕೊಂಡು, ಗಾಯಾಳುವಿನ ಗಾಂಭೀರ್ಯದಿಂದ, ಸಾಲಿನಲ್ಲಿ ಎಲ್ಲರಿಗಿಂತ ಮೊದಲು ನಿಂತೆ. ಪಕ್ಕದ ಹೆಂಗಸರ ಸಾಲಿನಲ್ಲಿ ಸರೋಜ. ಬಾಗಿಲು ತೆರೆಯಿತು. ನನ್ನ ಹೆಸರನ್ನು ಕೂಗಿದರು. ಎರಡು ಹೆಜ್ಜೆ ಇಟ್ಟರೆ ವರದರಾಜನ್, ಅವರನ್ನು ದಾಟಿದರೆ ಮತಪತ್ರ!

ವರದರಾಜನ್ ನನ್ನ ಬೆರಳಿನ ಕಟ್ಟನ್ನು ನೋಡಿದರು. ಮುಖ ಸುಣ್ಣವಾಯಿತು. ಮಸಿಯ ಕಡ್ಡಿಯನ್ನು ನನ್ನ ನಡುಬೆರಳಿನ ಕಡೆಗೆ ತಂದರು. ಅಷ್ಟರಲ್ಲಿ ಬೆಂಚಿನ ಮೇಲೆ ಕುಳಿತಿದ್ದ ಒಂದು ಪಕ್ಷದ ಏಜೆಂಟರು ಎದ್ದರು.

"ಕಟ್ಟು ಬಿಚ್ಚಿಸಿ ಸಾರ್!"

"ಹೌದು, ಬಿಚ್ಚಿಸಿ!" ಎಂದರು ಎದುರು ಪಕ್ಷದ ಏಜೆಂಟರು. ಆ ಎರಡು ಪಕ್ಷಗಳು ಅದುವರೆಗೆ ಯಾವ ವಿಷಯದಲ್ಲಿಯೂ ಒಮ್ಮತಕ್ಕೆ ಬಂದದ್ದನ್ನು ನಾನು ಕಂಡಿರಲಿಲ್ಲ!

ಕಟ್ಟು ಬಿಚ್ಚಿತು. ಬೆಳಗಿನ ಬಿಸಿಲಿನಲ್ಲಿ ಮೈಸೂರು ಮಸಿ ಥಳಥಳಿಸಿತು.

"ಕಳ್ಳ ಓಟು! ಕಳ್ಳ ಓಟು!"

ಮುಖ್ಯಾಧಿಕಾರಿಗಳು ಎದ್ದು ಬಂದರು. ದಪ್ಪ ಕನ್ನಡಕದ, ನಿಧಾನದ ಮನುಷ್ಯ. "ಏನು ಸ್ವಾಮಿ ಇದು?"

"ಇದು... ನಮ್ಮ ಸರ್ಕಾರಿ ಕಚೇರಿಯ ಮಸಿ. ಪೆನ್ನು ಸೋರಿತು."

ಅವರು ಒದ್ದೆ ಕರವಸ್ತ್ರದಿಂದ ಉಜ್ಜಿದರು. ಮಸಿ ಕದಲಲಿಲ್ಲ. "ಯಾವ ಕಚೇರಿ? ಇಂಥ ಮಸಿ ನಮ್ಮ ಇಲಾಖೆಗೆ ಯಾಕೆ ಬರೋದಿಲ್ಲ?" ಎಂದು ಗಡಿಯಾರ ನೋಡಿದರು. "ಮತದಾನ ಶುರುವಾಗಿ ಮೂರು ನಿಮಿಷ. ಅಷ್ಟರಲ್ಲಿ ಇನ್ನೆಲ್ಲೋ ಓಟು ಹಾಕಿ ಇಲ್ಲಿಗೂ ಬಂದ್ರಾ? ಸರ್ಕಾರಿ ನೌಕರ ಮೂರು ನಿಮಿಷದಲ್ಲಿ ಒಂದು ಕೆಲಸ ಮುಗಿಸಿದ್ದನ್ನು ನಾನು ಕಂಡಿಲ್ಲ. ಹಾಗಾದ್ರೆ ಈ ಗುರುತು ಎಲ್ಲಿಂದ ಬಂತು?"

ಅವರ ಕನ್ನಡಕ ಮೆಲ್ಲನೆ ಮೇಜಿನ ಮೇಲಿದ್ದ ಸೀಸೆಯ ಕಡೆ ತಿರುಗಿತು. ಸೀಸೆಯ ಹಿಂದೆ ವರದರಾಜನ್ ಅದರ ಮುಚ್ಚಳವನ್ನು ಹಾಕಿ ತೆಗೆದು ಮಾಡುತ್ತಿದ್ದರು. ಅವರಿಗೆ ಮೂವರು ಹೆಣ್ಣುಮಕ್ಕಳು.

"ಗುರುತಿರುವ ಬೆರಳಿಗೆ ಮತಪತ್ರ ಕೊಡೋದಕ್ಕಾಗೋದಿಲ್ಲ," ಎಂದರು ಅಧಿಕಾರಿಗಳು. "ಅನ್ಯಾಯವಾಗಿದೆ ಅನ್ನಿಸಿದ್ರೆ ನಡೆದದ್ದನ್ನು ಬರೆದು ಕೊಡಿ. ವಿಚಾರಣೆ ಮಾಡಿಸ್ತೀನಿ."

ಮಹಾಶಯರೇ, ಬರೆದು ಕೊಡುವುದೇ ನನ್ನ ವೃತ್ತಿ. ಬಸ್ಸು ತಡವಾದರೆ ಬರೆದು ಕೊಟ್ಟವನು ನಾನು. ಬೀದಿದೀಪ ಕೆಟ್ಟರೆ ಮೂರು ಪ್ರತಿಗಳಲ್ಲಿ ಬರೆದು ಕೊಟ್ಟವನು ನಾನು. ಆ ದಿನ ಕಾಗದವಿತ್ತು, ಜೇಬಿನಲ್ಲಿ ಪೆನ್ನಿತ್ತು, ಒಕ್ಕಣೆ ನಾಲಗೆಯ ತುದಿಯಲ್ಲಿತ್ತು.

"ಬರೆದು ಕೊಡುವಂಥದ್ದು ಏನೂ ಇಲ್ಲ," ಎಂದು ಹೊರಗೆ ಬಂದೆ.

ಸರೋಜ ಮತ ಹಾಕಿ ಬಂದಳು. ಯಾರಿಗೆ ಹಾಕಬೇಕೆಂದು ಮೂರು ದಿನ ಅವಳಿಗೆ ಉಪನ್ಯಾಸ ಮಾಡಿದ್ದೆನಾದ್ದರಿಂದ, "ಯಾರಿಗೆ ಹಾಕಿದೆ?" ಎಂದು ಕೇಳಿದೆ.

"ಗುಪ್ತ ಮತದಾನ ಅಂತ ನೀವೇ ಹೇಳಿಕೊಟ್ರಲ್ಲ," ಎಂದಳು. ಸ್ವಲ್ಪ ದೂರ ನಡೆದ ಮೇಲೆ, "ಗಂಡನ ಕೆಲಸ ಹೋಗುತ್ತೇಂತ ವರದರಾಜನ್ ಹೆಂಡ್ತಿ ಬೆಳಗಿನ ಜಾವದಿಂದ ಅಳ್ತಿದ್ಲು. ನೀವು ಮಾಡಿದ್ದು ಪರವಾಯಿಲ್ಲ ಬಿಡಿ," ಎಂದಳು. ಮದುವೆಯಾದ ಮೇಲೆ ನನಗೆ ದೊರೆತ ಅತ್ಯುನ್ನತ ಪ್ರಶಂಸಾಪತ್ರವಿದು.

ಭಟ್ಟರ ಹೋಟೆಲಿಗೆ ನನಗಿಂತ ಮೊದಲು ನನ್ನ ಕೀರ್ತಿ ತಲುಪಿತ್ತು.

"ಎಂತ ಮಾರಾಯ್ರೆ! ಒಂದು ಓಟು ಹಾಕಿ ಅಂತ ನಾನು ಹೇಳಿದ್ದು. ಎರಡೆರಡು ಹಾಕ್ಲಿಕ್ಕೆ ಹೋದದ್ದಾ?"

ನಿಜ ಹೇಳಿದರೆ ವರದರಾಜನ್ ಅವರ ಕೆಲಸ ಹೋಗುತ್ತದೆ. ಹೇಳದಿದ್ದರೆ ನನ್ನ ಮೇಜು ಹೋಗುತ್ತದೆ. ನಾನು ಕಾಫಿಯ ಲೋಟವನ್ನು ಎತ್ತಿಕೊಂಡು, ಯಾರೂ ಹೇಳುವ ಮೊದಲೇ ರುಬ್ಬುವ ಕಲ್ಲಿನ ಬಳಿಗೆ ಹೋಗಿ ಕುಳಿತೆ. ಕಲ್ಲು ಗಡಗಡನೆ ತಿರುಗುತ್ತಿತ್ತು. ಕಾಶ್ಮೀರದ ಬಗ್ಗೆ ನನ್ನ ಅಭಿಪ್ರಾಯವನ್ನು ಅದಕ್ಕೆ ತಿಳಿಸಿದೆ. ಅದು ಒಪ್ಪಿದಂತೆ ಕಂಡಿತು.

ಸಂಜೆ ವರದರಾಜನ್ ಮೈಸೂರು ಪಾಕಿನ ಪೊಟ್ಟಣದೊಂದಿಗೆ ಬಂದರು. ಪೊಟ್ಟಣವನ್ನು ನನ್ನ ಕೈಗಿಟ್ಟು, "ಒಳ್ಳೇ ಮಸಿ, ಮೂರ್ತಿ ಸಾರ್," ಎಂದಷ್ಟೇ ಹೇಳಿದರು.

ಅವರು ಈಗ ನಿವೃತ್ತರಾಗಿದ್ದಾರೆ. ಪಿಂಚಣಿಯೂ ಮಂಜೂರಾಗಿದೆ. ಆದ್ದರಿಂದ ಅವರ ಅನುಮತಿ ಪಡೆದು, ಅಂದು ಬರೆದು ಕೊಡದೆ ಉಳಿದ ಹೇಳಿಕೆಯನ್ನು ಇಂದು ತಮ್ಮ ಮುಂದೆ ಹಾಜರುಪಡಿಸಿದ್ದೇನೆ. ವಿಳಂಬಕ್ಕಾಗಿ ವಿಷಾದಿಸುತ್ತೇನೆ.

ಮಸಿಯ ಬಗ್ಗೆ ಒಂದು ಮಾತು ಉಳಿದಿದೆ. ಚರ್ಮದ ಮೇಲಿನ ಗುರುತು ತಿಂಗಳಲ್ಲಿ ಹೋಯಿತು. ಉಗುರಿನ ಮೇಲಿನದು ಉಗುರಿನೊಂದಿಗೇ ಬೆಳೆಯುತ್ತ ತುದಿ ತಲುಪಲು ಮೂರು ತಿಂಗಳಾಯಿತು. ಒಂದು ಭಾನುವಾರ ಜಗುಲಿಯ ಮೇಲೆ ಕುಳಿತು ಅದನ್ನು ಕತ್ತರಿಸಿದೆ. ಸರೋಜ ಕಸದ ಡಬ್ಬಿಯನ್ನು ಮುಂದೆ ಹಿಡಿದು, ಮುಖವನ್ನು ಆಚೆ ತಿರುಗಿಸಿಕೊಂಡಳು.

"ಹೂಂ, ಹಾಕಿ. ನಾನು ನೋಡೋದಿಲ್ಲ."

ಹಾಕಿದೆ. ಆ ಚುನಾವಣೆಯಲ್ಲಿ ನಾನು ಡಬ್ಬಿಗೆ ಹಾಕಿದ್ದು ಅದೊಂದೇ!