ಲವಂಗದ ವಾಸನೆಯ ಪರಾತ

ಮೂರನೆಯ ರೊಟ್ಟಿ ಬಡಿಯುತ್ತಿದ್ದ ಸವಿತಾಳ ಕೈ ತಟ್ಟನೆ ನಿಂತಿತು. ಹಿಟ್ಟಿನಿಂದ ಲವಂಗದ ವಾಸನೆ ಬರುತ್ತಿತ್ತು. ಜೋಳಕ್ಕೂ ಲವಂಗಕ್ಕೂ ಯಾವ ಕಾಲದ ಬೀಗತನ? ಅವಳು ಹಿಟ್ಟು ಮೂಸಿದಳು, ಕೈ ಮೂಸಿದಳು, ಕೊನೆಗೆ ಹಿಟ್ಟು ನಾದುವ ಅಗಲ ತಟ್ಟೆ, ಆ ಪರಾತವನ್ನೇ ಎತ್ತಿ ಮೂಸಿದಳು. ವಾಸನೆ ಅಲ್ಲಿತ್ತು. ಅದು ಅವಳಿಗೆ ಗುರುತಿದ್ದ ವಾಸನೆ: ಡಾಕ್ಟರು ಕೊಟ್ಟ ಹಲ್ಲುಪುಡಿಯದು.

“ಯವ್ವಾ, ಒಂದು ಕೇಳ್ಲೇನು?” ಎಂದಳು ಒಲೆಯ ಮುಂದೆ ಕುಳಿತಿದ್ದ ಆರು ವರ್ಷದ ಮಗಳು ಮೌನೇಶ್ವರಿ.

“ಮೊದಲ ರೊಟ್ಟಿ ತಿನ್ನು ನನ್ನ ಬಂಗಾರ. ಆಮ್ಯಾಲ ಕೇಳೀಯಂತ.”

ರಾಯಚೂರಿನ ಹಲ್ಲಿನ ಕಾಲೇಜೊಂದು ಸವಿತಾಳ ಊರು ಕುರ್ಡಿಯಲ್ಲಿ ಒಸಡಿನ ರೋಗದ ಸಂಶೋಧನೆ ನಡೆಸಿತ್ತು. ಒಸಡಿನಲ್ಲಿ ರಕ್ತ ಬರುವ ಇಪ್ಪತ್ತು ಹೆಂಗಸರಿಗೆ ನಂಬರು ಹಚ್ಚಿದ ಇಪ್ಪತ್ತು ಬಿಳಿ ಡಬ್ಬಿ. ಹತ್ತರಲ್ಲಿ ಔಷಧದ ಪುಡಿ, ಇನ್ನು ಹತ್ತರಲ್ಲಿ ಬರೀ ಪುಡಿ. ಎರಡಕ್ಕೂ ಒಂದೇ ಬಣ್ಣ, ಒಂದೇ ವಾಸನೆ. ಯಾರ ಡಬ್ಬಿಯಲ್ಲಿ ಯಾವುದಿದೆ ಎಂಬುದು ಪರೀಕ್ಷೆ ಮಾಡುವ ಡಾಕ್ಟರಿಗೂ ಗೊತ್ತಿಲ್ಲ. ಆ ಗುಟ್ಟು ಕಾಲೇಜಿನ ಕಪಾಟಿನಲ್ಲಿ ಬೀಗ ಹಾಕಿಸಿಕೊಂಡು ಕುಳಿತಿತ್ತು. ಒಬ್ಬರ ಡಬ್ಬಿಗೆ ಇನ್ನೊಬ್ಬರ ಬೆರಳು ಬಿದ್ದರೂ ಸಂಶೋಧನೆ ಕೆಟ್ಟಂತೆ. ಹಾಗಾಗದಂತೆ ಕಾಯುವುದೇ ಸವಿತಾಳ ಕೆಲಸ. ಇವತ್ತು ಮೂರು ತಿಂಗಳ ಪರೀಕ್ಷೆ. ಸರಿ ಬಂದರೆ ಅವಳ ಕೆಲಸ ಮುಂದುವರಿಯುತ್ತದೆ; ಕೆಟ್ಟರೆ ಇವತ್ತಿಗೇ ಮುಗಿಯಿತು.

ಮೊದಲ ದಿನ ಓಣಿಯಲ್ಲಿ ದೊಡ್ಡ ಗದ್ದಲವೇ ಎದ್ದಿತ್ತು. “ಡಾಕ್ಟರಿಗೇ ಗೊತ್ತಿಲ್ಲಂದ್ರ ಅವರೆಂಥಾ ಡಾಕ್ಟರವಾ?” ಎಂದು ಪಕ್ಕದ ಮನೆಯ ಯಮನಮ್ಮ ಸೊಂಟಕ್ಕೆ ಕೈ ಇಟ್ಟಿದ್ದಳು. “ಆಕಿಗೆ ಖರೇ ಔಷಧ, ನನಗ ಸುಳ್ಳು ಔಷಧ? ನನ್ನ ವಸಡೇನು ತಿಪ್ಪ್ಯಾಗ ಸಿಕ್ಕದ್ದೇನು?” ಸವಿತಾ ಒಂದು ತಾಸು ತಿಳಿಹೇಳಿದ್ದಳು. ಮರುದಿನದಿಂದ ಯಾರೂ ತುಟಿ ಬಿಚ್ಚಿರಲಿಲ್ಲ. ಎಲ್ಲ ತನ್ನ ಮಾತಿನ ಮಹಿಮೆ ಎಂದು ಅವಳು ಮೂರು ತಿಂಗಳು ಬೀಗಿದ್ದಳು.

ಈಗ ಆ ಮೌನದ ಮೇಲೇ ಅನುಮಾನ ಬಂತು. ಮೊನ್ನೆ ತಿಂಗಳ ಹೊಸ ಡಬ್ಬಿಗಳನ್ನು ಹಂಚಿದ ದಿನವೇ ಯಮನಮ್ಮ ಈ ಪರಾತ ಒಯ್ದಿದ್ದಳು. ಇವತ್ತು ಬೆಳಿಗ್ಗೆ ತೊಳೆದು, ಬೆಳಗಿ, ಒರೆಸಿ ತಂದುಕೊಟ್ಟಿದ್ದಳು. ಯಮನಮ್ಮ ಇಸಿದುಕೊಂಡ ಪಾತ್ರೆಯನ್ನು ತೊಳೆದು ತಿರುಗಿ ಕೊಟ್ಟದ್ದು ಆ ಓಣಿಯ ಇತಿಹಾಸದಲ್ಲೇ ಇರಲಿಲ್ಲ.

ಸವಿತಾ ಒಲೆ ಆರಿಸಿ, ಮಗಳ ಕೈ ಹಿಡಿದು ಹೊರಟಳು.

“ಯಮನಮ್ಮತ್ತಿ, ನಮ್ಮ ಪರಾತ ಲವಂಗದ ವಾಸನಿ ಹೊಡ್ಯಾಕತ್ತದಲ್ಲ?”

“ಅದಾ? ಮಸಾಲಿ ಕುಟ್ಟಿ ಹರವಿದ್ದೆ ನೋಡವಾ,” ಎಂದಳು ಯಮನಮ್ಮ, ಕಣ್ಣನ್ನು ಸೂರಿನ ಕಡೆ ಓಡಿಸಿ.

ಎದುರು ಮನೆಯ ಬಡೇಬೀಯನ್ನು ಕೇಳಿದರೆ, “ಯಮನಮ್ಮ ಮಸಾಲಿ ಕುಟ್ಟಿಲ್ಲ ಬೇಟಿ, ಕೆಮ್ಮಿಗೆ ಕಷಾಯ ಮಾಡ್ಯಾಳ,” ಎಂದಳು. ಪರಾತದಲ್ಲಿ ಕಷಾಯ! ಮೂಲೆಯ ಮನೆಯ ಗೋಪಮ್ಮ ಹೊಲದಿಂದ ಬಂದ ಶೇಂಗಾವನ್ನು ಲೋಟದಿಂದ ಅಳೆದು ಓಣಿಯ ಮನೆಮನೆಗೆ ಗುಡ್ಡೆ ಮಾಡುತ್ತಿದ್ದಳು. “ನನಗೇನೂ ಗೊತ್ತಿಲ್ಲವ್ವಾ. ಬಂದದ್ದು ಹಂಚ್ಕೊಂಡು ತಿನ್ನಾಕತ್ತೀವಿ. ತಗೋ, ಇದು ನಿನ್ನ ಪಾಲು,” ಎಂದು ಸವಿತಾಳ ಸೆರಗಿಗೆ ಶೇಂಗಾ ಸುರಿದಳು.

“ಯವ್ವಾ, ಈಗ ಕೇಳ್ಲೇನು?”

“ತಡಿಯವ್ವಾ, ತಲಿ ಕಾದ ಹಂಚಾಗ್ಯದ.”

ಸವಿತಾಳಿಗೆ ಎಲ್ಲ ಹೊಳೆದುಹೋಯಿತು. ಇವರು ಪುಡಿ ಮಾರಿಕೊಳ್ಳುತ್ತಿದ್ದಾರೆ! ನೇರ ದಿಲ್ಶಾದನ ಕಿರಾಣಿ ಅಂಗಡಿಗೆ ಹೋದಳು. ಮೇಲಿನ ಹಲಗೆಯ ಮೇಲೆ ಬಿಳಿ ಡಬ್ಬಿಯೊಂದು ಕುಳಿತು ಅವಳನ್ನೇ ನೋಡುತ್ತಿತ್ತು.

“ಆ ಡಬ್ಬಿ ಕೊಡಪಾ.”

“ಅದು ಮಾರೋದಲ್ಲಕ್ಕಾ.”

“ಮಾರೋದಲ್ಲಂದ್ರ ಮುಚ್ಚಿಟ್ಟಿದ್ದ್ಯಾಕ?”

“ಅಕ್ಕಾ, ಬ್ಯಾಡ, ನನ್ನ ಮಾತು ಕೇಳು...”

ಸವಿತಾ ಸ್ಟೂಲು ಹತ್ತಿ, ಡಬ್ಬಿ ಎಳೆದು, ಮುಚ್ಚಳ ತೆಗೆದು, ಎದೆ ತುಂಬ ಮೂಸಿದಳು. ಅದು ದಿಲ್ಶಾದನ ಅಪ್ಪ ಮೂಗಿಗೇರಿಸುವ ನಶ್ಯ. ಮುಂದಿನ ಹತ್ತು ನಿಮಿಷ ಅವಳು ಸೀನಿದ್ದೇ ಸೀನಿದ್ದು. ಸೆರಗಿನ ಶೇಂಗಾ ಅಂಗಡಿಯ ತುಂಬ ಚೆಲ್ಲಿತು. ಮಲಗಿದ್ದ ನಾಯಿ ಎದ್ದು ಬಸ್ ನಿಲ್ದಾಣದ ಕಡೆ ಓಡಿತು.

ಮೂಗು ಬದನೆಕಾಯಿಯಷ್ಟು ಮಾಡಿಕೊಂಡು ಅವಳು ಮಧ್ಯಾಹ್ನ ಅಂಗನವಾಡಿ ಮುಟ್ಟುವಾಗ ಕಾಲೇಜಿನ ಡಾಕ್ಟರ್ ಅನ್ನಪೂರ್ಣ ಅಲ್ಲಿ ಪರೀಕ್ಷೆ ಮುಗಿಸಿ, ಕನ್ನಡಕ ತೆಗೆದು ಕುಳಿತಿದ್ದರು. ಇಪ್ಪತ್ತೂ ಹೆಂಗಸರು ಸಾಲಾಗಿ ಚಾಪೆಯ ಮೇಲೆ, ಬಾಯಿಗೆ ಸೆರಗು.

“ಸವಿತಾ, ಇದ ಪುಡಿ ಕೊಟ್ಟ ದೇವದುರ್ಗದಾಗ ಅರ್ಧ ಮಂದಿಗೆ ಪೂರಾ ಆರಾಮ ಆಗ್ಯದ, ಅರ್ಧ ಮಂದಿಗೆ ಏನೂ ಆಗಿಲ್ಲ. ಅದು ಸರಿ. ಇಲ್ಲಿ ನೋಡಿದ್ರ ಇಪ್ಪತ್ತೂ ಮಂದಿಗೆ ಅರ್ಧರ್ಧ ಆರಾಮ! ಒಂದ ಅಚ್ಚಿನಾಗ ತೆಗೆದಂಗ ಅವ ವಸಡು. ಇದು ಹೆಂಗವಾ?”

ಸವಿತಾ ಚಾಪೆಯ ಕಡೆ ನೋಡಿದಳು. ಯಮನಮ್ಮ ಸೂರು ನೋಡುತ್ತಿದ್ದಳು, ಬಡೇಬೀ ನೆಲ ನೋಡುತ್ತಿದ್ದಳು, ಗೋಪಮ್ಮ ಕೈ ಮುಗಿಯುವವಳಂತೆ ಇವಳನ್ನೇ ನೋಡುತ್ತಿದ್ದಳು. ಅನುಮಾನ ಗಂಟಲ ತನಕ ಬಂದಿತ್ತು. ಆದರೆ ಕೈಯಲ್ಲಿ ಪುರಾವೆ ಎಂದರೆ ಒಂದು ಪರಾತ ಮತ್ತು ಉರಿಯುವ ಮೂಗು. ಕೆಲಸವೂ ನೆನಪಾಯಿತು.

“ಒಬ್ಬರ ಡಬ್ಬಿ ಇನ್ನೊಬ್ಬರು ಮುಟ್ಟಿಲ್ರಿ ಮೇಡಂ. ಅದಕ್ಕ ನಾ ಜವಾಬ್ದಾರಿ.”

“ಹಂಗಂತ ಬರೆದು ಸಹಿ ಮಾಡು.”

ಅವಳು ಬರೆದಳು, ಸಹಿ ಮಾಡಿದಳು. ಡಾಕ್ಟರು ಹಾಳೆಯನ್ನು ಫೈಲಿಗೆ ಸೇರಿಸಿದರು. ಚಾಪೆಯ ಮೇಲಿನ ಇಪ್ಪತ್ತು ಎದೆಗಳಿಂದ ಒಂದೇ ಉಸಿರು ಹೊರಬಿತ್ತು. ಸವಿತಾಳ ಎದೆಯೂ ಹಗುರಾಯಿತು. ಬೆಳಗಿನಿಂದ ಸೆರಗು ಹಿಡಿದು ತಿರುಗಿದ ಮಗಳ ಮೇಲೆ ಒಮ್ಮೆಲೇ ಪ್ರೀತಿ ಉಕ್ಕಿ, ತಲೆ ನೇವರಿಸಿದಳು.

“ಪಾಪ, ಮುಂಜಾನಿಂದ ಏನೋ ಕೇಳಾಕತ್ತಿದ್ದಿ. ಈಗ ಕೇಳು ನನ್ನವ್ವಾ.”

ಮೌನೇಶ್ವರಿ ಎಲ್ಲರಿಗೂ ಕೇಳುವಂತೆ ಕೇಳಿದಳು:

“ಯವ್ವಾ, ಎಲ್ಲಾರ ಡಬ್ಬಿ ಪುಡಿ ಸುರುವಿ, ಕಲಸಿ, ಸಮ ಪಾಲು ಮಾಡಾಕ ಇವರಿಗೆ ಪ್ರತಿ ಸಲ ನಮ್ಮ ಪರಾತನ ಬೇಕು. ಮತ್ತ ನಮಗ್ಯಾಕ ಪಾಲು ಕೊಡಂಗಿಲ್ಲ?”